ಮಗುವಿನ ಬೆಳವಣಿಗೆ: ಅಳೆಯುವುದು ಹೇಗೆ, ಗಮನಿಸುವುದು ಏನನ್ನು?

ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂದು ಕೇಳಿದರೆ ಉತ್ತರ ಹೇಳುವವರಿಗೆ ಬರವಿಲ್ಲ. ಒಬ್ಬರ ಕಣ್ಣಿಗೆ ಸೊರಗಿದಂತೆ ಕಂಡ ಮಗು ಇನ್ನೊಬ್ಬರಿಗೆ ಗುಂಡುಗುಂಡಾಗಿ ಕಾಣುತ್ತದೆ. ತಮ್ಮ ಮೊಮ್ಮಗ ಹತ್ತನೇ ತಿಂಗಳಿಗೇ ಮನೆ ತುಂಬಾ ಓಡಾಡುತ್ತಿದ್ದ ಎಂದು ಮೂರನೆಯವರು ಹೇಳಿ ಹೋದರೆ ಅಂದು ರಾತ್ರಿ ಹೆತ್ತವರಿಗೆ ನಿದ್ದೆಯಿಲ್ಲ. ಕಣ್ಣಳತೆಯ ಇಂಥ ಮಾತುಗಳಿಂದ ಬೆಳವಣಿಗೆ ತಿಳಿಯುವುದಿಲ್ಲ. ಒಂದು ದಿನದ ತೂಕದಿಂದಲೂ ಹೆಚ್ಚೇನೂ ತಿಳಿಯುವುದಿಲ್ಲ. ಸರಿಯಾಗಿ ತೆಗೆದ ಅಳತೆಗಳನ್ನು ತಿಂಗಳಿಂದ ತಿಂಗಳಿಗೆ ಒಂದೇ ಹಾಳೆಯ ಮೇಲೆ ಗುರುತಿಸುತ್ತಾ ಹೋಗಿ, ಅವು ಯಾವ ಗೆರೆಯಾಗಿ ಕೂಡುತ್ತವೆ ಎಂದು ನೋಡಬೇಕು. ಇದು ಕಷ್ಟದ ಕೆಲಸವಲ್ಲ. ಬಿಡದೆ ಮಾಡುವುದಷ್ಟೇ ಕಷ್ಟ.

ಮೊದಲು ಹುಟ್ಟಿನ ವಿವರ ಬರೆದಿಡಿ

ಹುಟ್ಟಿದಾಗಿನ ತೂಕ, ಉದ್ದ, ತಲೆಯ ಸುತ್ತಳತೆ ಮತ್ತು ಹೆರಿಗೆಯಾದಾಗ ಎಷ್ಟು ವಾರ ತುಂಬಿದ್ದವು ಎಂಬ ನಾಲ್ಕು ವಿವರಗಳು ಮೊದಲ ಪುಟದಲ್ಲೇ ಇರಲಿ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದಗಳಲ್ಲಿ ಇವು ಸಿಗುತ್ತವೆ. ಆ ಕಾಗದಗಳು ಕಳೆದುಹೋಗುವುದೂ ಸಾಮಾನ್ಯವಾದ್ದರಿಂದ ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ನಾಲ್ಕನೆಯ ವಿವರವನ್ನು ಅನೇಕರು ಮರೆಯುತ್ತಾರೆ, ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಅದೇ ಮುಖ್ಯ. 32 ವಾರಕ್ಕೆ ಹುಟ್ಟಿದ ಮಗು ಪೂರ್ಣಾವಧಿಯ 40 ವಾರಗಳಿಗಿಂತ 8 ವಾರ ಮುಂಚೆ ಬಂದಿದೆ. ಅದಕ್ಕೆ ಆರು ತಿಂಗಳು ತುಂಬಿದಾಗ ಬೆಳವಣಿಗೆಯ ಲೆಕ್ಕಕ್ಕೆ ನಾಲ್ಕು ತಿಂಗಳ ಆಸುಪಾಸಿನ ಮಗು ಎಂದೇ ಎಣಿಸಬೇಕು. ಎರಡು ವರ್ಷದವರೆಗೆ ಹೀಗೆ ಸರಿಪಡಿಸಿದ ವಯಸ್ಸನ್ನು ಬಳಸುವುದು ರೂಢಿ. ಲಸಿಕೆಗೆ ಮಾತ್ರ ಈ ಕಡಿತ ಅನ್ವಯಿಸುವುದಿಲ್ಲ, ಅಲ್ಲಿ ಸಾಮಾನ್ಯವಾಗಿ ಹುಟ್ಟಿದ ದಿನದಿಂದಲೇ ಲೆಕ್ಕ.

ಅಳತೆ ತೆಗೆಯುವ ಬಗೆ

ತೂಕದಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಬಟ್ಟೆಯಿಂದ ಮತ್ತು ಡಯಾಪರ್‌ನಿಂದ. ತುಂಬಿದ ಡಯಾಪರ್ ಇನ್ನೂರು ಗ್ರಾಂ ತೂಗಿದರೂ ಆಶ್ಚರ್ಯವಿಲ್ಲ. ಮೊದಲ ವರ್ಷದ ಕೊನೆಯ ತಿಂಗಳುಗಳಲ್ಲಿ ಮಗು ತಿಂಗಳಿಗೆ ಸರಿಸುಮಾರು ಅಷ್ಟೇ ಏರುತ್ತದೆ. ಅಂದರೆ ಒಂದು ಡಯಾಪರ್ ಒಂದು ತಿಂಗಳ ಬೆಳವಣಿಗೆಯನ್ನು ನುಂಗಲೂ ಬಲ್ಲದು, ಇಲ್ಲದ್ದನ್ನು ಸೃಷ್ಟಿಸಲೂ ಬಲ್ಲದು. ಹಸುಗೂಸನ್ನು ಬರಿಮೈಯಲ್ಲಿ ತೂಗಿ. ಸಾಧ್ಯವಾದಷ್ಟೂ ಅದೇ ತಕ್ಕಡಿಯಲ್ಲಿ ತೂಗಿ. ಮನೆಯಲ್ಲಿ ದಿನಾ ತೂಗುವ ಚಟ ಬೇಡ, ಅದರಿಂದ ಮಾಹಿತಿಗಿಂತ ಗಾಬರಿಯೇ ಹೆಚ್ಚು.

ಉದ್ದ ಅಳೆಯಲು ಇಬ್ಬರು ಬೇಕು. ಎರಡು ವರ್ಷ ತುಂಬುವವರೆಗೆ ಮಗುವನ್ನು ಮಲಗಿಸಿಯೇ ಅಳೆಯಬೇಕು. ಒಬ್ಬರು ತಲೆಯ ಕಡೆ ಕುಳಿತು, ಎರಡೂ ಕಿವಿಗಳ ಮೇಲೆ ಅಂಗೈ ಇಟ್ಟು, ನೆತ್ತಿಯು ಹಲಗೆಯ ತುದಿಗೆ ತಾಗುವಂತೆ ತಲೆಯನ್ನು ನೇರವಾಗಿ ಹಿಡಿಯುತ್ತಾರೆ. ಇನ್ನೊಬ್ಬರು ಒಂದು ಕೈಯಿಂದ ಮೊಣಕಾಲುಗಳನ್ನು ಮೆಲ್ಲಗೆ ಒತ್ತಿ ಚಾಚಿಸಿ, ಇನ್ನೊಂದು ಕೈಯಿಂದ ಪಾದದ ಹಲಗೆಯನ್ನು ಹಿಮ್ಮಡಿಗೆ ತಾಗುವಷ್ಟು ಸರಿಸುತ್ತಾರೆ. ಪಾದ ನೆಟ್ಟಗಿರಬೇಕು, ಬೆರಳುಗಳು ಮೇಲ್ಮುಖವಾಗಿರಬೇಕು. ಮಗು ಒದ್ದಾಡುತ್ತದೆ, ಅಳುತ್ತದೆ. ಈ ಗಡಿಬಿಡಿಯಲ್ಲಿ ಟೇಪನ್ನು ಮೈಮೇಲೆ ಎಳೆದು ಒಂದು ಅಂಕಿ ಬರೆದುಬಿಡುವವರೂ ಇದ್ದಾರೆ. ಹಾಗೆ ಬಂದ ಉದ್ದವನ್ನು ನಂಬಬೇಡಿ, ಮತ್ತೊಮ್ಮೆ ಅಳೆಯುವಂತೆ ಕೇಳಲು ಸಂಕೋಚ ಬೇಡ.

ಎರಡು ವರ್ಷದ ನಂತರ ನಿಲ್ಲಿಸಿ ಅಳೆಯುತ್ತಾರೆ. ಆಗ ಮಗು ಇದ್ದಕ್ಕಿದ್ದಂತೆ ಸ್ವಲ್ಪ ಗಿಡ್ಡವಾದಂತೆ ಕಂಡರೆ ಹೆದರಬೇಕಿಲ್ಲ. ಮಲಗಿದಾಗಿನ ಉದ್ದಕ್ಕಿಂತ ನಿಂತಾಗಿನ ಎತ್ತರ ಸುಮಾರು 0.7 ಸೆಂಟಿಮೀಟರ್ ಕಡಿಮೆ.

ತಲೆಯ ಸುತ್ತಳತೆಗೆ ಹಿಗ್ಗದ ಟೇಪ್ ಬೇಕು. ಹುಬ್ಬಿನ ಮೇಲ್ಭಾಗದಿಂದ ಹಿಂದಲೆಯ ಉಬ್ಬಿನ ಸುತ್ತ ಹಾಯಿಸಿ, ಮೂರು ಸಲ ಅಳೆದು ದೊಡ್ಡದನ್ನು ಬರೆದುಕೊಳ್ಳಿ. ಹುಟ್ಟಿದಾಗ 35 ಸೆಂಟಿಮೀಟರ್ ಆಸುಪಾಸು ಇರುವ ತಲೆ ವರ್ಷ ತುಂಬುವಾಗ 45–46 ಆಗಿರುತ್ತದೆ. ಒಳಗೆ ಮಿದುಳು ಬೆಳೆದಂತೆ ತಲೆ ಬೆಳೆಯುತ್ತದೆ, ಆದ್ದರಿಂದ ಬೇಗಬೇಗ ಹಿಗ್ಗುವ ತಲೆಯನ್ನೂ ಬೆಳವಣಿಗೆ ನಿಂತ ತಲೆಯನ್ನೂ ವೈದ್ಯರು ಲಘುವಾಗಿ ತೆಗೆದುಕೊಳ್ಳುವುದಿಲ್ಲ.

ಚಾರ್ಟ್ ಓದಲು ಕಲಿಯಿರಿ

ಬಹುತೇಕ ಕಡೆ ಬಳಕೆಯಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಚಾರ್ಟ್‌. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಹೀಗೆ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು ಇದನ್ನು ರೂಪಿಸಿದರು. ಎದೆಹಾಲು ಕುಡಿದ, ಹೊಗೆಸೊಪ್ಪಿನ ಹೊಗೆ ಸೋಕದ ತಾಯಂದಿರ, ಒಳ್ಳೆಯ ಆರೈಕೆ ಸಿಕ್ಕ ಮಕ್ಕಳು ಅವರು. ಐದು ವರ್ಷದೊಳಗೆ ಆ ಎಲ್ಲ ದೇಶಗಳ ಮಕ್ಕಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉದ್ದವಾಗಿದ್ದು ಕಂಡುಬಂತು. ಹಾಗಾಗಿ ‘ನಮ್ಮ ಕಡೆಯವರೇ ಗಿಡ್ಡ’ ಎಂಬ ಸಮಾಧಾನ ಐದು ವರ್ಷದೊಳಗಿನ ಮಗುವಿಗೆ ಅಷ್ಟಾಗಿ ಹೊಂದುವುದಿಲ್ಲ. ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆ ಚಾರ್ಟ್ ಇದೆ, ಮೊದಲು ಅದನ್ನು ನೋಡಿಕೊಳ್ಳಿ.

ಚಾರ್ಟ್‌ನ ಅಡ್ಡಸಾಲಿನಲ್ಲಿ ವಯಸ್ಸು, ಉದ್ದಸಾಲಿನಲ್ಲಿ ತೂಕ ಅಥವಾ ಎತ್ತರ. ಎರಡೂ ಕೂಡುವಲ್ಲಿ ಚುಕ್ಕೆ ಇಡಿ. ನಡುವಿನ ಗೆರೆ ಮಧ್ಯಮ ಮಗುವಿನದು, ಪರೀಕ್ಷೆಯ ಪಾಸ್ ಮಾರ್ಕ್ ಅಲ್ಲ. ಆರೋಗ್ಯವಂತ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅದರ ಕೆಳಗೇ ಇರುತ್ತಾರೆ.

ಎರಡು ಹೆಣ್ಣುಮಕ್ಕಳನ್ನು ಊಹಿಸಿಕೊಳ್ಳಿ. ಮೊದಲನೆಯವಳು ಹುಟ್ಟಿದಾಗ 2.7 ಕಿಲೋ, ಮೂರು ತಿಂಗಳಿಗೆ 5.1, ಆರಕ್ಕೆ 6.4, ಒಂಬತ್ತಕ್ಕೆ 7.2. ಎರಡನೆಯವಳು ಹುಟ್ಟಿದಾಗ 3.6, ಮೂರಕ್ಕೆ 6.6, ಆರಕ್ಕೆ 7.4, ಒಂಬತ್ತಕ್ಕೆ 7.5. ಒಂಬತ್ತನೇ ತಿಂಗಳಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರೆ ಎರಡನೆಯವಳೇ ಮೈಕೈ ತುಂಬಿಕೊಂಡಂತೆ ಕಾಣುತ್ತಾಳೆ. ಮೊದಲನೆಯವಳಿಗೆ ಏನು ತಿನ್ನಿಸುತ್ತೀರಿ ಎಂದು ನೆಂಟರು ಕೇಳುತ್ತಾರೆ. ಚಾರ್ಟ್ ಮೇಲೆ ನೋಡಿದರೆ ಮೊದಲನೆಯವಳು ಸಣ್ಣವಳಾಗಿ ಹುಟ್ಟಿ, ನಡುಗೆರೆಯ ಕೆಳಗೆ ತನ್ನದೇ ದಾರಿ ಹಿಡಿದು, ಅದನ್ನು ಬಿಡದೆ ಏರಿದ್ದಾಳೆ. ಎರಡನೆಯವಳು ಮೇಲಿನ ಗೆರೆಯಲ್ಲಿ ಶುರು ಮಾಡಿ, ಆರು ತಿಂಗಳಿಗೆ ನಡುಗೆರೆಗೆ ಇಳಿದು, ಒಂಬತ್ತಕ್ಕೆ ಅದನ್ನೂ ದಾಟಿ ಕೆಳಗೆ ಬಂದಿದ್ದಾಳೆ. ಮೂರು ತಿಂಗಳಲ್ಲಿ ಅವಳು ಏರಿದ್ದು ನೂರೇ ಗ್ರಾಂ. ವೈದ್ಯರು ಕಾರಣ ಹುಡುಕಬೇಕಾದ್ದು ಇವಳ ವಿಷಯದಲ್ಲಿ. ಎದೆಹಾಲಿನ ಜೊತೆ ಮೇಲಾಹಾರ ಸಾಲುತ್ತಿಲ್ಲವೇ, ಮತ್ತೆ ಮತ್ತೆ ಭೇದಿಯಾಗಿತ್ತೇ, ಮೂತ್ರದ ಸೋಂಕು ಅಡಗಿದೆಯೇ ಎಂದು ನೋಡುತ್ತಾರೆ.

ಎಲ್ಲ ಗೆರೆ ದಾಟುವಿಕೆಯೂ ರೋಗವಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಶಿಶು ತನ್ನ ತೂಕದ ಹತ್ತನೇ ಒಂದು ಭಾಗದವರೆಗೂ ಕಳೆದುಕೊಂಡು, ಎರಡು ವಾರದೊಳಗೆ ಮರಳಿ ಗಳಿಸುತ್ತದೆ. ಎತ್ತರದ ತಾಯಿಗೆ ಸಣ್ಣದಾಗಿ ಹುಟ್ಟಿದ ಮಗು ಮೊದಲ ಒಂದೆರಡು ವರ್ಷದಲ್ಲಿ ಮೇಲಿನ ಗೆರೆಗೆ ಸರಿಯುವುದೂ ಉಂಟು. ಒರಟು ಲೆಕ್ಕವೊಂದು ನೆನಪಿರಲಿ: ಹುಟ್ಟಿದ ತೂಕ ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ಉದ್ದ ಮೊದಲ ವರ್ಷ ಸುಮಾರು 25 ಸೆಂಟಿಮೀಟರ್ ಏರುತ್ತದೆ, ಎರಡನೇ ವರ್ಷ ಅದರ ಅರ್ಧ. ವರ್ಷ ದಾಟಿದ ಮಗುವಿನ ಹಸಿವು ಕುಗ್ಗಿತೆಂದು ದೂರುವವರು ಈ ಅರ್ಧವನ್ನು ಗಮನಿಸಬೇಕು. ಬೆಳವಣಿಗೆಯೇ ನಿಧಾನವಾದಾಗ ಊಟವೂ ಅದಕ್ಕೆ ತಕ್ಕಂತೆ.

ಕೂರುವುದು, ನಡೆಯುವುದು, ಮಾತನಾಡುವುದು

ಇಲ್ಲಿ ಒಂದೇ ತಾರೀಖು ಹುಡುಕಬೇಡಿ, ಅವಧಿಯನ್ನು ನೋಡಿ. ಅದೇ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ಕುಳಿತದ್ದು ಸುಮಾರು 4ರಿಂದ 9 ತಿಂಗಳ ನಡುವೆ ಎಲ್ಲೋ ಒಂದು ಕಡೆ. ಆಸರೆಯಿಲ್ಲದೆ ನಡೆದದ್ದು 8ರಿಂದ ಹದಿನೇಳೂವರೆ ತಿಂಗಳ ನಡುವೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ನಡೆದುಬಿಟ್ಟರು. ಅಂದಮೇಲೆ ಹತ್ತನೇ ತಿಂಗಳಿಗೆ ನಡೆದ ಮೊಮ್ಮಗನೂ ಹದಿನಾರಕ್ಕೆ ನಡೆದ ಮಗಳೂ ಸರಿಯೇ.

ನಡಿಗೆಯ ಮೇಲೆ ಎಲ್ಲರ ಕಣ್ಣಿರುತ್ತದೆ. ಮಾತು, ನೋಟ, ಕೈಬೆರಳುಗಳ ಕಡೆ ಅಷ್ಟು ಗಮನ ಹೋಗುವುದಿಲ್ಲ, ನನ್ನ ಮಟ್ಟಿಗೆ ಅವೇ ಹೆಚ್ಚು ಹೇಳುತ್ತವೆ. ಎರಡು ತಿಂಗಳ ಆಸುಪಾಸಿನಲ್ಲಿ ಮಗು ನಿಮ್ಮ ಮುಖ ನೋಡಿ ನಗಬೇಕು. ನಿದ್ದೆಗಣ್ಣಿನ ನಗು ಲೆಕ್ಕಕ್ಕಿಲ್ಲ. ನಾಲ್ಕು ತಿಂಗಳ ಹೊತ್ತಿಗೆ ಕತ್ತು ನಿಲ್ಲುತ್ತದೆ. ಆರು ತಿಂಗಳಲ್ಲಿ ವಸ್ತುವನ್ನು ಇಡೀ ಅಂಗೈಯಿಂದ ಬಾಚಿಕೊಳ್ಳುವ ಮಗು, ವರ್ಷ ತುಂಬುವ ಮುನ್ನ ನೆಲದ ಮೇಲಿನ ಚೂರೊಂದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಎತ್ತುತ್ತದೆ. ನೀವು ಗುಡಿಸುವಾಗ ಬಿಟ್ಟದ್ದು ಅದರ ಕಣ್ಣಿಗೆ ಬೀಳದೇ ಇರದು. ಒಂಬತ್ತರ ಹೊತ್ತಿಗೆ ‘ಬಬಬ’, ‘ದದದ’ ಎಂದು ಅಕ್ಷರ ಪೋಣಿಸುತ್ತದೆ, ಹೆಸರು ಕರೆದರೆ ತಿರುಗುತ್ತದೆ. ವರ್ಷದ ಆಚೀಚೆ ಮೊದಲ ಅರ್ಥಪೂರ್ಣ ಪದ, ಎರಡು ವರ್ಷಕ್ಕೆ ಎರಡು ಪದ ಜೋಡಿಸಿದ ಮಾತು.

ಒಂದು ಸಂಗತಿಯನ್ನು ವಿಶೇಷವಾಗಿ ನೋಡಿ. ವರ್ಷ ದಾಟಿದ ಮಗು ಆಕಾಶದಲ್ಲಿ ಹಕ್ಕಿ ಕಂಡಾಗ ಬೆರಳು ಮಾಡಿ, ನಿಮ್ಮ ಕಡೆ ತಿರುಗಿ, ನೀವೂ ನೋಡಿದಿರಾ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ತನಗೆ ಬೇಕಾದುದನ್ನು ಕೇಳಲು ಬೆರಳು ಮಾಡುವುದಕ್ಕಿಂತ ಇದು ಬೇರೆ, ಇಲ್ಲಿ ಅದಕ್ಕೆ ನಿಮ್ಮ ಜೊತೆ ಹಂಚಿಕೊಳ್ಳುವುದಷ್ಟೇ ಬೇಕು. ಒಂದೂವರೆ ವರ್ಷವಾದರೂ ಇದು ಕಾಣದಿದ್ದರೆ, ಕರೆದರೆ ತಿರುಗದಿದ್ದರೆ ಮಕ್ಕಳ ತಜ್ಞರಿಗೆ ಹೇಳಿ. ಆಟಿಸಂ ಇರಬಹುದೇ ಎಂದು ತಿಳಿಯಲು ಕೇಳುವ ಪ್ರಶ್ನೆಗಳಲ್ಲಿ ಇವೆರಡೂ ಇರುತ್ತವೆ.

ಯಾವುದಕ್ಕೆ ಕಾಯಬಾರದು

ಮೂರು ತಿಂಗಳಾದರೂ ಮುಖ ನೋಡಿ ನಗುವುದಿಲ್ಲ, ಒಂಬತ್ತಾದರೂ ಕೂರುವುದಿಲ್ಲ, ಹದಿನೆಂಟಾದರೂ ನಡೆಯುವುದಿಲ್ಲ, ಹದಿನೆಂಟು ತಿಂಗಳಿಗೂ ಒಂದು ಪದವಿಲ್ಲ, ಎರಡು ವರ್ಷಕ್ಕೂ ಎರಡು ಪದ ಕೂಡಿಸುವುದಿಲ್ಲ ಎಂದಾದರೆ ಮುಂದಿನ ಲಸಿಕೆಯ ದಿನಕ್ಕೆ ಕಾಯದೆ ಹೋಗಿ. ವರ್ಷದೊಳಗಿನ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ‘ಎಡಚ’ ಎಂದು ನಕ್ಕು ಬಿಡಬೇಡಿ, ಇನ್ನೊಂದು ಕೈಗೆ ಬಲವಿಲ್ಲದಿರಬಹುದು. ಬಂದ ಮಾತು, ಬಂದ ಆಟ ಮರೆತುಹೋಗುವುದಂತೂ ಯಾವ ವಯಸ್ಸಿನಲ್ಲೂ ಸಹಜವಲ್ಲ.

‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಎಂಬ ಮಾತು ಇಂಥ ಮನೆಗಳಲ್ಲಿ ಕೇಳಿಬರುತ್ತದೆ. ನಿಜವೂ ಇರಬಹುದು. ಆದರೆ ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದ್ದು ಶ್ರವಣ ಪರೀಕ್ಷೆ. ಬಾಗಿಲು ಬಡಿದರೆ ಬೆಚ್ಚುವ ಮಗುವಿಗೂ ಮೆಲುಮಾತಿನ ದನಿಗಳು ಕೇಳದಿರಬಹುದು. ನವಜಾತ ಶಿಶುವಿನ ಶ್ರವಣ ತಪಾಸಣೆ ಒಂದು ತಿಂಗಳೊಳಗೆ, ದೋಷದ ಖಚಿತ ಪತ್ತೆ ಮೂರು ತಿಂಗಳೊಳಗೆ, ಚಿಕಿತ್ಸೆ ಆರು ತಿಂಗಳೊಳಗೆ ಎಂಬ ಗುರಿಯನ್ನು ತಜ್ಞರು ಇಟ್ಟುಕೊಂಡಿರುವುದು ಇದಕ್ಕೇ. ಮಾತು ಕಲಿಯುವ ಮಿದುಳು ಕಿವಿಗಾಗಿ ಬಹಳ ಕಾಲ ಕಾಯುವುದಿಲ್ಲ.

ಆರೋಗ್ಯವಾಗಿದ್ದಾಗಲೇ ವೈದ್ಯರ ಬಳಿಗೆ

ಜ್ವರ ಬಂದ ದಿನ ವೈದ್ಯರ ಗಮನವೆಲ್ಲ ಜ್ವರದ ಮೇಲೆ. ಬೆಳವಣಿಗೆಯ ಮಾತಿಗೆ ಬೇರೆಯೇ ಭೇಟಿ ಬೇಕು. ಮೊದಲ ವರ್ಷ ಲಸಿಕೆಯ ದಿನಗಳೇ ಇದಕ್ಕೆ ಒದಗಿ ಬರುತ್ತವೆ, ಚುಚ್ಚಿಸಿಕೊಂಡು ಬಂದರೆ ಸಾಲದು. 9, 18, 30ನೇ ತಿಂಗಳುಗಳಲ್ಲಿ ಪ್ರಶ್ನಾವಳಿಯ ಮೂಲಕ ವಿಕಾಸದ ತಪಾಸಣೆ ಮಾಡಿಸುವುದು ಹಲವೆಡೆ ರೂಢಿಯಲ್ಲಿದೆ, ನಿಮ್ಮ ವೈದ್ಯರು ಮಾಡದಿದ್ದರೆ ನೀವೇ ಕೇಳಿ.

ಹಸುಗೂಸಿನ ಸೊಂಟದ ಕೀಲು, ಎದೆಬಡಿತ, ಗಂಡುಮಗುವಿನ ವೃಷಣಗಳು ಇಳಿದಿವೆಯೇ ಎಂಬುದು, ಕಣ್ಣಿನೊಳಕ್ಕೆ ಬೆಳಕು ಬಿಟ್ಟಾಗ ಕಾಣುವ ಕೆಂಪು ಹೊಳಪು ಇವು ತಪ್ಪಬಾರದ ತಪಾಸಣೆಗಳು. ಚಿತ್ರ ತೆಗೆದಾಗ ಮಗುವಿನ ಒಂದು ಕಣ್ಣು ಮತ್ತೆ ಮತ್ತೆ ಬೆಳ್ಳಗೆ ಕಂಡರೆ ಅದು ಕ್ಯಾಮೆರಾದ ದೋಷವೆಂದು ತಳ್ಳಿಹಾಕದೆ ಕೂಡಲೇ ತೋರಿಸಬೇಕು, ಕಣ್ಣಿನೊಳಗಿನ ಗಡ್ಡೆಯೂ ಹೀಗೆಯೇ ಕಾಣಿಸಿಕೊಳ್ಳುತ್ತದೆ. ನಾಲ್ಕು ತಿಂಗಳಾದ ಮೇಲೂ ಮೆಳ್ಳೆಗಣ್ಣು ಉಳಿದರೆ ಅದೃಷ್ಟದ ಗುರುತೆಂದು ಬಿಡಬೇಡಿ. ಮಿದುಳು ಆ ಕಣ್ಣನ್ನು ಬಳಸುವುದನ್ನೇ ನಿಲ್ಲಿಸಿಬಿಡಬಹುದು. ವರ್ಷದ ಆಸುಪಾಸಿನಲ್ಲಿ ರಕ್ತಹೀನತೆಯ ಪರೀಕ್ಷೆ, ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹಲ್ಲಿನ ವೈದ್ಯರ ಭೇಟಿ, ಮೂರು ವರ್ಷದಿಂದ ವರ್ಷಕ್ಕೊಮ್ಮೆ ರಕ್ತದೊತ್ತಡ.

ಹೋಗುವ ಮುನ್ನ ಎರಡು ಮೂರು ಪ್ರಶ್ನೆ ಬರೆದುಕೊಳ್ಳಿ. ಮಗು ಮನೆಯಲ್ಲಿ ಮಾಡುವ ಯಾವುದೋ ವಿಚಿತ್ರ ಚಲನೆ ಚಿಂತೆ ತಂದಿದ್ದರೆ ಅರ್ಧ ನಿಮಿಷದ ವಿಡಿಯೊ ಒಯ್ಯಿರಿ. ವೈದ್ಯರ ಮುಂದೆ ಮಕ್ಕಳು ಎಂದೂ ಅದನ್ನು ಮಾಡಿ ತೋರಿಸುವುದಿಲ್ಲ.

ಐದು ದಾಟಿದ ಮೇಲೆ

ಶಾಲೆ ಸೇರಿದ ಮಗುವಿನ ಚಾರ್ಟ್ ಕಪಾಟು ಸೇರುತ್ತದೆ. ಅಲ್ಲಿಂದ ಮುಂದೆಯೂ ವರ್ಷಕ್ಕೊಮ್ಮೆ ಎತ್ತರ, ತೂಕ, ದೃಷ್ಟಿ ನೋಡಿಸಬೇಕು. ಈ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಏರಿಕೆ ಸಾಮಾನ್ಯ, ನಾಲ್ಕಕ್ಕಿಂತ ಕಡಿಮೆಯಾದರೆ ಕಾರಣ ಹುಡುಕಬೇಕು. ಥೈರಾಯ್ಡ್ ಕೊರತೆಯಂಥ ಸುಲಭವಾಗಿ ಚಿಕಿತ್ಸೆ ಕೊಡಬಹುದಾದ ಕಾಯಿಲೆಗಳು ಎಷ್ಟೋ ಸಲ ಎತ್ತರದ ಗೆರೆ ಚಪ್ಪಟೆಯಾದಾಗಲೇ ಮೊದಲು ಗೊತ್ತಾಗುತ್ತವೆ.

ಗೆರೆ ದಿಢೀರನೆ ಮೇಲಕ್ಕೆ ಜಿಗಿದರೆ ಯಾರೂ ದೂರುವುದಿಲ್ಲ, ತರಗತಿಯಲ್ಲಿ ಎಲ್ಲರಿಗಿಂತ ಎತ್ತರ ಎಂದು ಹೆಮ್ಮೆಪಡುತ್ತಾರೆ. ಹುಡುಗಿಗೆ ಎಂಟು ತುಂಬುವ ಮೊದಲೇ ಸ್ತನಗಳ ಬೆಳವಣಿಗೆ, ಹುಡುಗನಿಗೆ ಒಂಬತ್ತರ ಮೊದಲೇ ವೃಷಣಗಳ ಬೆಳವಣಿಗೆ ಶುರುವಾಗಿದ್ದರೆ ಆ ಎತ್ತರ ಅಕಾಲದ ಪ್ರೌಢಾವಸ್ಥೆಯದು. ಎಲುಬಿನ ತುದಿಗಳು ಬೇಗ ಮುಚ್ಚಿಕೊಂಡು, ಇಂದು ಎಲ್ಲರಿಗಿಂತ ಎತ್ತರವಿರುವ ಮಗು ಕೊನೆಗೆ ಗಿಡ್ಡವಾಗಿಯೇ ಉಳಿಯಬಹುದು. ಮದ್ದು ಇದೆ, ಆದರೆ ಆ ತುದಿಗಳು ಮುಚ್ಚುವ ಮೊದಲು ತೋರಿಸಿದವರಿಗೆ ಮಾತ್ರ. ಹುಡುಗಿಗೆ ಹದಿಮೂರು, ಹುಡುಗನಿಗೆ ಹದಿನಾಲ್ಕು ತುಂಬಿದರೂ ಈ ಯಾವ ಬದಲಾವಣೆಯೂ ಕಾಣದಿದ್ದರೆ ಆಗಲೂ ತೋರಿಸಬೇಕು.