ಮಳೆಗಾಲ ಬರುವ ಮುಂಚೆ ಹೊಲಿಗೆ ಕೋಣೆ ಜೋಡಿಸಿಕೊಳ್ಳಿ

ಹೊಲಿಗೆ ಕೋಣೆ ಓರಣ ಮಾಡಬೇಕು ಅಂತ ಹೊರಟವರು ಮೊದಲು ಮಾಡುವ ಕೆಲಸ ಪೇಟೆಗೆ ಹೋಗಿ ಪ್ಲಾಸ್ಟಿಕ್ ಡಬ್ಬ ತರುವುದು. ರಾಶಿ ಬಿದ್ದಿದ್ದ ಬಟ್ಟೆಯನ್ನೆಲ್ಲ ಅದರಲ್ಲಿ ತುರುಕಿ ಮುಚ್ಚಳ ಹಾಕುತ್ತಾರೆ. ಸಂಜೆಯೊಳಗೆ ಕೋಣೆ ಚೊಕ್ಕವಾಗುತ್ತದೆ. ಜುಲೈ ತಿಂಗಳಲ್ಲಿ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ, ಮಡಿಕೆಯೊಳಗೆ ಬೂಷ್ಟಿನ ಕಪ್ಪು ಚುಕ್ಕೆ, ಗುಂಡುಪಿನ್ನು ಚುಚ್ಚಿದ್ದ ಕಡೆ ತುಕ್ಕಿನ ಕಲೆ. ಕಾರವಾರ, ಕುಮಟಾದ ಮನೆಗಳಲ್ಲೂ ನೋಡಿದ್ದೇನೆ, ಘಟ್ಟದ ಮೇಲೆ ಶಿರಸಿಯಲ್ಲೂ ನೋಡಿದ್ದೇನೆ. ಒಳ್ಳೆಯ ಬಟ್ಟೆ ಹಾಗೆ ಹಾಳಾದರೆ ಸಂಕಟವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರಿರುವ ಜಿಲ್ಲೆ ನಮ್ಮದು. ಇಲ್ಲಿ ಮೊದಲ ಲೆಕ್ಕ ಥಂಡಿಯದ್ದು, ಜಾಗದ ಲೆಕ್ಕ ಆಮೇಲೆ. ಡಬ್ಬ ಕೊಳ್ಳುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ.

ಹಂತ 1: ದಿನ ಆರಿಸುವುದು

ಏಪ್ರಿಲ್ ಅಥವಾ ಮೇ ತಿಂಗಳು, ಹಪ್ಪಳ ಒಣಗಿಸುವಂಥ ಬಿಸಿಲಿನ ದಿನ. ಮಳೆ ಶುರುವಾಗಿಬಿಟ್ಟಿದ್ದರೆ ಹೊಳವಾಗುವ ತನಕ ಕಾಯಿರಿ.

ಹಂತ 2: ಕೋಣೆ ಖಾಲಿ ಮಾಡುವುದು

ಮಷಿನ್ ಒಂದನ್ನು ಬಿಟ್ಟು ಎಲ್ಲವನ್ನೂ ಜಗಲಿಗೆ ತನ್ನಿ. ಕಸ ಗುಡಿಸಿ, ಒರೆಸಿ. ಗೋಡೆಯ ಮೂಲೆಗಳಲ್ಲಿ ಒರಲೆಯ ಮಣ್ಣಿನ ಗೆರೆ ಇದೆಯಾ ನೋಡಿ.

ಹಂತ 3: ಬಟ್ಟೆ ವಿಂಗಡಿಸುವುದು

ಕೆಲಸ ಕೆಡುವುದು ಇಲ್ಲೇ. ಅರ್ಧ ದಿನವಾದರೂ ಇದಕ್ಕೇ ಬೇಕು. ದೊಡ್ಡ ಚಾಪೆ ಹಾಸಿ ಕುಳಿತುಕೊಳ್ಳಿ. ಬಣ್ಣ ನೋಡಿ ವಿಂಗಡಿಸಲು ಹೋಗಬೇಡಿ. ಚಂದ ಕಾಣುತ್ತದೆ, ಉಪಯೋಗವಿಲ್ಲ.

ಮೊದಲು ಬೇರೆಯವರ ಬಟ್ಟೆ ತೆಗೆದಿಡಿ. ಮನೆಯಲ್ಲಿ ಹೊಲಿದುಕೊಡುವವರಿಗೆ ಅತಿ ಹೆಚ್ಚು ತಲೆನೋವು ಇದರದ್ದೇ. ಒಬ್ಬರಿಗೆ ಒಂದು ಬಟ್ಟೆ ಚೀಲ. ಬ್ಲೌಸ್ ಪೀಸು, ಲೈನಿಂಗು, ಸೀರೆ ಫಾಲು, ಅಳತೆ ಬ್ಲೌಸು, ಹುಕ್ಕು ಎಲ್ಲ ಅದರಲ್ಲೇ ಇರಬೇಕು. ಲೈನಿಂಗ್ ಒಂದು ಕಡೆ, ಫಾಲ್ ಇನ್ನೊಂದು ಕಡೆ ಇಟ್ಟರೆ ಹಬ್ಬದ ಹಿಂದಿನ ರಾತ್ರಿ ಹುಡುಕುತ್ತ ಕೂರಬೇಕಾಗುತ್ತದೆ. ಹೆಸರು, ಕೊಡಬೇಕಾದ ತಾರೀಕು ಬರೆದ ಚೀಟಿಯನ್ನು ಚೀಲದ ಹಿಡಿಗೆ ದಾರದಲ್ಲಿ ಕಟ್ಟಿ. ಬಾಲ್‌ಪೆನ್ನಿನಲ್ಲೇ ಬರೆಯಿರಿ. ಜೆಲ್ ಪೆನ್ನಿನ ಅಕ್ಷರ ಥಂಡಿಗೆ ಹರಡುತ್ತದೆ. ಚೀಟಿಯನ್ನು ಬಟ್ಟೆಗೆ ಪಿನ್ನು ಚುಚ್ಚಿ ಇಡಲೇಬೇಡಿ. ತುಕ್ಕಿನ ಕಲೆ ಸಾಬೂನಿಗೆ ಹೋಗುವುದಿಲ್ಲ, ಬಟ್ಟೆ ಬೇರೆಯವರದ್ದು.

ಎರಡನೆಯದು, ಉಡಿ ತುಂಬುವಾಗ, ಅರಿಶಿನ ಕುಂಕುಮಕ್ಕೆ ಹೋದಾಗ ಬಂದ ಖಣಗಳು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಮುಗಿದ ಮೇಲೆ ಶಿರಸಿಯ ಕಡೆಯ ಮನೆಗಳಲ್ಲಿ ಈ ರಾಶಿ ಇನ್ನೂ ಬೆಳೆದಿರುತ್ತದೆ. ಒಂದೊಂದನ್ನೇ ಬೆಳಕಿಗೆ ಹಿಡಿಯಿರಿ. ಹಿಂದಿಟ್ಟ ಕೈಬೆರಳು ಸ್ಪಷ್ಟವಾಗಿ ಕಂಡರೆ ಅದು ಹೊಲಿಯುವ ಬಟ್ಟೆಯಲ್ಲ. ಟೇಪು ಹಿಡಿದು ನೋಡಿ. ಬ್ಲೌಸಿಗೆ ಸಾಮಾನ್ಯವಾಗಿ 80 ಸೆಂಟಿಮೀಟರ್ ಬೇಕು, ತೋಳು ಉದ್ದವಿದ್ದರೆ 1 ಮೀಟರ್. ಅಷ್ಟಿಲ್ಲದ್ದು ಪೈಪಿಂಗಿಗೆ, ಪಟ್ಟಿಗೆ. ಮುಂದೆ ಇನ್ನೊಬ್ಬರಿಗೆ ಕೊಡುವ ಖಣಗಳಿಗೆ ಹೊಲಿಗೆ ಕೋಣೆಯಲ್ಲಿ ಜಾಗ ಕೊಡಬೇಡಿ. ಅವು ದೇವರ ಕೋಣೆಯ ಕಪಾಟಿಗೆ ಹೋಗಲಿ. ಇಷ್ಟು ಮಾಡಿದರೇ ರಾಶಿ ಎಷ್ಟೋ ಇಳಿಯುತ್ತದೆ.

ಮೂರನೆಯದು, ನಿಮ್ಮದೇ ಕತ್ತರಿಸದ ಬಟ್ಟೆ. ಇದು ಸುಲಭ, ಪಕ್ಕಕ್ಕಿಡಿ.

ಕೊನೆಗೆ ಉಳಿಯುವುದು ಚೂರು ಬಟ್ಟೆ. ಮುಂದೆ ಬೇಕಾಗಬಹುದು ಅಂತ ಎಲ್ಲರೂ ಚೀಲಗಟ್ಟಲೆ ಇಟ್ಟುಕೊಂಡಿರುತ್ತಾರೆ, ಅಲ್ವಾ? ಇದಕ್ಕೆ ಗಟ್ಟಿ ಅಳತೆ ಬೇಕು. ಅಂಗೈಗಿಂತ ಚಿಕ್ಕದಾದರೆ ದಿಂಬಿಗೆ ತುಂಬಲು. ಅಂಗೈಯಿಂದ ಮೊಳದ ತನಕ ಕೌದಿಗೆ. ಮೊಳಕ್ಕಿಂತ ದೊಡ್ಡದು ತೋಳಿಗೆ, ಮಕ್ಕಳ ಅಂಗಿಗೆ. ಕೌದಿಯ ಚೂರುಗಳಲ್ಲಿ ಹತ್ತಿ ಮತ್ತು ಪಾಲಿಯೆಸ್ಟರ್ ಬೇರೆ ಮಾಡಿ. ಗೊತ್ತಾಗದಿದ್ದರೆ ಒಂದು ಎಳೆ ಕಿತ್ತು ಅಂಗಳದಲ್ಲಿ ಬೆಂಕಿಗೆ ಹಿಡಿಯಿರಿ. ಹತ್ತಿ ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹತ್ತಿ ನೀರು ಹೀರುತ್ತದೆ, ಬೂಷ್ಟು ಮೊದಲು ಹಿಡಿಯುವುದೂ ಅದಕ್ಕೇ. ಹಾಗಾಗಿ ಅದನ್ನು ಕೈಗೆ ಸಿಗುವ ಎತ್ತರದಲ್ಲಿ, ಆಗಾಗ ತೆಗೆದು ನೋಡುವ ಜಾಗದಲ್ಲಿ ಇಡಬೇಕು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿದವರಿಗೆ ಚೂರಿನ ಬೆಲೆ ಗೊತ್ತು. ಹಳೆ ಸೀರೆ, ಹಳೆ ಅಂಗಿಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಚಿ ಹೂ ಮಾಡಿ ಹೊಲಿಯುತ್ತಾರೆ. ನೀವು ಕೌದಿ ಹೊಲಿಯುವವರಲ್ಲದಿದ್ದರೆ ಹೊಲಿಯುವವರಿಗೆ ಕೊಟ್ಟುಬಿಡಿ. ಸುಮ್ನೆ ಕಟ್ಟಿಟ್ಟರೆ ಜಿರಳೆಗೆ ಮನೆಯಾಗುತ್ತದೆ.

ಹಂತ 4: ಒಣಗಿಸುವುದು

ಹೊಸ ಬಟ್ಟೆಗೂ ಇದು ಬೇಕು. ಬಿಳಿ ಬಟ್ಟೆ ಬಿಸಿಲಿಗೆ, ಬಣ್ಣದ್ದು ಮತ್ತು ರೇಷ್ಮೆ ನೆರಳಿಗೆ. ಸಂಜೆ ಸಮುದ್ರದ ಗಾಳಿಗೆ ಬಟ್ಟೆ ಮತ್ತೆ ಮೆತ್ತಗಾಗುವ ಮುಂಚೆ, 3 ಗಂಟೆಯ ಹೊತ್ತಿಗೆ ಒಳಗೆ ತನ್ನಿ. ತಂದ ತಕ್ಷಣ ಡಬ್ಬಕ್ಕೆ ಹಾಕಬಾರದು. ಬಿಸಿ ಬಟ್ಟೆ ಮುಚ್ಚಿದ ಡಬ್ಬದೊಳಗೆ ಬೆವರುತ್ತದೆ. ಆ ಬೆವರೇ ಬೂಷ್ಟಿಗೆ ಸಾಕು. ಫ್ಯಾನಿನ ಕೆಳಗೆ ಒಂದು ಗಂಟೆ ಹರಡಿ, ಪೂರ್ತಿ ತಣ್ಣಗಾದ ಮೇಲೆ ಮಡಚಿ.

ಹಂತ 5: ಮಡಚುವುದು

ಎಲ್ಲವನ್ನೂ ಒಂದೇ ಅಗಲಕ್ಕೆ ಮಡಚಿ, ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದ್ದು ವರ್ಷವಿಡೀ ಕೈಗೆ ಬರುವುದಿಲ್ಲ. ಒತ್ತೊತ್ತಾಗಿ ತುಂಬಬೇಡಿ, ನಡುವೆ ಬೆರಳು ಹೋಗುವಷ್ಟು ಜಾಗವಿರಲಿ.

ಹಂತ 6: ಡಬ್ಬ ಮತ್ತು ಕಪಾಟು

ಈಗ ಅಳತೆ ತೆಗೆದುಕೊಂಡು ಪೇಟೆಗೆ ಹೋಗಿ. ಒಳಗಿರುವುದು ಕಾಣುವ, ಕ್ಲಿಪ್ ಇರುವ ಡಬ್ಬವೇ ಆಗಬೇಕು. ರಟ್ಟಿನ ಪೆಟ್ಟಿಗೆ ನೀರು ಕುಡಿಯುತ್ತದೆ, ಒರಲೆಯನ್ನೂ ಕರೆಯುತ್ತದೆ. ಮರದ ಹೊಟ್ಟು ಒತ್ತಿ ಮಾಡಿದ ಅಗ್ಗದ ಕಪಾಟುಗಳಿಗೆ ದುಡ್ಡು ಹಾಕಬೇಡಿ. ಅಂಗಡಿಯಲ್ಲಿ ಚಂದ ಕಾಣುತ್ತವೆ, ಥಂಡಿ ಹೀರಿ ಅಂಚು ಉಬ್ಬುತ್ತವೆ. ಹಳೆಯ ಮರದ ಕಪಾಟು ಅಟ್ಟದ ಮೇಲಿದ್ದರೆ ಅದನ್ನೇ ಇಳಿಸಿ. ಯಾವ ಕಪಾಟೇ ಆದರೂ ಗೋಡೆಯಿಂದ ಎರಡು ಇಂಚು ದೂರ ಇಡಿ, ಹಿಂದೆ ಗಾಳಿಯಾಡಬೇಕು.

ಚಪ್ಪಲಿ ಡಬ್ಬದಲ್ಲಿ ಬರುವ ಸಣ್ಣ ಸಿಲಿಕಾ ಪೊಟ್ಟಣಗಳನ್ನು ನಂಬಿ ಕೂರಬೇಡಿ. ನಮ್ಮ ಮಳೆಗೆ ಅವು ಬೇಗ ತುಂಬಿಹೋಗುತ್ತವೆ. ನುಸಿಗುಳಿಗೆಯೂ ಬೇಡ. ವಾಸನೆ ಬಿಡುವುದಿಲ್ಲ, ಚಿಕ್ಕ ಮಕ್ಕಳು ಪೆಪ್ಪರಮಿಂಟು ಅಂದುಕೊಂಡು ಬಾಯಿಗೆ ಹಾಕಿದರೆ ಅಪಾಯ. ಲಕ್ಕಿ ಸೊಪ್ಪನ್ನು ಗರಿಗರಿಯಾಗಿ ಒಣಗಿಸಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ. ಹಸಿ ಇದ್ದರೆ ಸೊಪ್ಪೇ ಥಂಡಿ ತರುತ್ತದೆ.

ಹಂತ 7: ಮಷಿನ್

ಪಶ್ಚಿಮದ ಕಿಟಕಿಯ ಕೆಳಗೆ ಬೇಡ, ಮಳೆಯ ಇರಚಲು ಹೊಡೆಯುವುದು ಆ ಕಡೆಯಿಂದಲೇ. ಬೆಳಕು ಎಡಗಡೆಯಿಂದ ಬರಲಿ. ತೆಂಗಿನೆಣ್ಣೆ ಮನೆಯಲ್ಲೇ ಇದೆ ಅಂತ ಮಷಿನಿಗೆ ಬಿಡುವವರಿದ್ದಾರೆ. ಅದು ಅಂಟಾಗಿ ಮಷಿನ್ ಬಿಗಿಯಾಗುತ್ತದೆ. ಮಷಿನ್ ಎಣ್ಣೆಯೇ ಬೇಕು. ಎಣ್ಣೆ ಬಿಟ್ಟ ಮೇಲೆ ಹಳೆ ಬಟ್ಟೆಯ ಮೇಲೆ ಸ್ವಲ್ಪ ಓಡಿಸಿ, ಇಲ್ಲದಿದ್ದರೆ ಮೊದಲ ಹೊಲಿಗೆಗೆ ಕಲೆಯಾಗುತ್ತದೆ. ಹೊದಿಸಲು ಹತ್ತಿ ಬಟ್ಟೆ, ಪ್ಲಾಸ್ಟಿಕ್ ಹಾಳೆಯಲ್ಲ.

ಹಂತ 8: ಸಣ್ಣ ಸಾಮಾನು

ಪ್ರತಿ ದಾರದ ರೀಲಿನಿಂದ ಒಂದು ಮೊಳ ಎಳೆದು ಜಗ್ಗಿ ನೋಡಿ. ಸುಲಭವಾಗಿ ತುಂಡಾದರೆ ಎಸೆಯಿರಿ. ಮಷಿನ್ ಸೂಜಿಗಳನ್ನು ನಂಬರಿನ ಪ್ರಕಾರ ಬೇರೆ ಇಡಿ: ತೆಳು ಬಟ್ಟೆಗೆ 11, ಸಾಮಾನ್ಯ ಹತ್ತಿಗೆ 14, ಜೀನ್ಸಿನಂಥ ದಪ್ಪದ್ದಕ್ಕೆ 16. ಕೈಸೂಜಿಯ ಡಬ್ಬಿಗೆ ಒಂದು ಚಿಟಿಕೆ ಮುಖಕ್ಕೆ ಹಚ್ಚುವ ಪೌಡರ್ ಹಾಕಿದರೆ ತುಕ್ಕು ಬೇಗ ಹಿಡಿಯುವುದಿಲ್ಲ. ಬಟ್ಟೆಯ ಕತ್ತರಿಗೆ ಕೆಂಪು ರಿಬ್ಬನ್ ಕಟ್ಟಿ. ಅದರಿಂದ ಕಾಗದ ಕತ್ತರಿಸಲು ಮನೆಯ ಯಾರಿಗೂ ಬಿಡಬೇಡಿ. ಸ್ಕೇಲು, ಕತ್ತರಿ ನೇತುಹಾಕಲು ಕಬ್ಬಿಣದ ಮೊಳೆಯ ಬದಲು ಮರದ ಗೂಟ ಹಾಕಿಸಿ.

ಹಂತ 9: ಮಳೆಗಾಲದ ನಡುವೆ

ಶ್ರಾವಣದಲ್ಲಿ ಬಿಸಿಲು ಬಿದ್ದ ದಿನ ಎಲ್ಲ ಡಬ್ಬದ ಮುಚ್ಚಳ ತೆಗೆದು ಎರಡು ಗಂಟೆ ಫ್ಯಾನ್ ಹಾಕಿ. ಮೊದಲು ಹತ್ತಿಯ ಡಬ್ಬ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಅವತ್ತೇ ಹೊರಗೆ ಹಾಕಿ, ನಾಳೆಗೆ ಇಡಬೇಡಿ. ಕಪಾಟಿನಲ್ಲಿ ಒಂದು ಅಂತಸ್ತು ಪೂರ್ತಿ ಖಾಲಿ ಇರಲಿ. ಚೌತಿಗೆ ಹದಿನೈದು ದಿನ ಇರುವಾಗ ಹೊಲಿಸಲು ಬರುವವರ ಚೀಲಗಳಿಗೆ ಅದು ಬೇಕಾಗುತ್ತದೆ.