ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್: ಮೋಟರ್ ಮುಟ್ಟಬೇಡಿ, ಸೂಜಿ ಬದಲಿಸಿ

1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಡೈರೆಕ್ಟ್ ಡ್ರೈವ್ (ಮೋಟರ್ ನೇರವಾಗಿ ತಟ್ಟೆ ತಿರುಗಿಸುವ) ರೆಕಾರ್ಡ್ ಪ್ಲೇಯರ್. ಅದರ ಕ್ವಾರ್ಟ್ಜ್ ಮೋಟರ್ ಸುಸ್ಥಿತಿಯಲ್ಲಿದ್ದರೆ ಅದಕ್ಕೆ ಕೈ ಹಾಕಬೇಡಿ. ದುಡ್ಡು ಮೊದಲು ಹೋಗಬೇಕಾದ್ದು ಕಾರ್ಟ್ರಿಜ್‌ಗೆ, ಅಂದರೆ ಸೂಜಿ ಇರುವ ಪುಟ್ಟ ಘಟಕಕ್ಕೆ. ಆಡಿಯೋ ಟೆಕ್ನಿಕಾ ವಿಎಂ95ಎಂಎಲ್ ಕಾರ್ಟ್ರಿಜ್ ಇದರ ಆರ್ಮ್‌ಗೆ (ಸೂಜಿ ಹೊರುವ ತೋಳಿಗೆ) ಚೆನ್ನಾಗಿ ಹೊಂದುತ್ತದೆ. ರೆಕಾರ್ಡಿನ ಒಳಸುತ್ತುಗಳಲ್ಲಿ ಹಾಡುಗಾರರ 'ಸ', 'ಶ' ಒಡೆಯುವುದು ಬಹಳ ಕಡಿಮೆಯಾಗುತ್ತದೆ.

ಸೂಜಿಗೆ ಮುಚ್ಚಳ ಹಾಕಿಯೇ ಕೆಲಸ ಮಾಡಿ. ಕಾರ್ಟ್ರಿಜ್‌ಗೆ ಸಿಕ್ಕಿಸುವ ನಾಲ್ಕು ತಂತಿಗಳಲ್ಲಿ ಬಿಳಿ ಎಡ ಸಿಗ್ನಲ್, ನೀಲಿ ಎಡ ಗ್ರೌಂಡ್, ಕೆಂಪು ಬಲ ಸಿಗ್ನಲ್, ಹಸಿರು ಬಲ ಗ್ರೌಂಡ್. ಚಿಮಟದಲ್ಲಿ ಲೋಹದ ಕ್ಲಿಪ್ಪನ್ನೇ ಹಿಡಿಯಿರಿ. ತಂತಿ ಎಳೆದರೆ ಬೆಸುಗೆಯಲ್ಲೇ ಕಿತ್ತುಬರುತ್ತದೆ. ಹೆಡ್‌ಶೆಲ್‌ನ (ಆರ್ಮ್ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಭಾಗ) ರಬ್ಬರ್ ವಾಷರ್ ಅಂಚಿನಿಂದ ಸೂಜಿಯ ತುದಿಗೆ 52 ಮಿ.ಮೀ. ಇರಲಿ, ಆಮೇಲೆ ಸ್ಕ್ರೂ ಬಿಗಿ ಮಾಡಿ.

ಮುಚ್ಚಳ ತೆಗೆದು, ಆಂಟಿಸ್ಕೇಟ್ (ಆರ್ಮ್ ಒಳಗೆ ಎಳೆಯುವುದನ್ನು ಸರಿದೂಗಿಸುವ ಗುಂಡಿ) ಸೊನ್ನೆಗಿಟ್ಟು, ಆರ್ಮ್ ಗಾಳಿಯಲ್ಲಿ ಮಟ್ಟವಾಗಿ ತೇಲುವ ತನಕ ಹಿಂದಿನ ತೂಕ ತಿರುಗಿಸಿ. ಅಲ್ಲಿ ಡಯಲ್ ಮಾತ್ರ ಸೊನ್ನೆ ಮಾಡಿ, ಆಮೇಲೆ ತೂಕವನ್ನೇ ತಿರುಗಿಸಿ 2 ಗ್ರಾಂಗೆ ತನ್ನಿ. ಆಂಟಿಸ್ಕೇಟ್ ಕೂಡ 2. ಭಾರ ಕಡಿಮೆಯಾದರೆ ರೆಕಾರ್ಡ್ ಉಳಿಯುತ್ತದೆ ಅಂದುಕೊಳ್ಳುವುದು ತಪ್ಪು: ಸೂಜಿ ರೆಕಾರ್ಡಿನ ಗೀರಿನೊಳಗೆ ಕುಣಿದು ಗೋಡೆಯನ್ನೇ ಕೆರೆಯುತ್ತದೆ.

ಡಿಜೆಗಳ ತೆಳು ಬಟ್ಟೆ ಮ್ಯಾಟ್ ತೆಗೆದು ರಬ್ಬರ್ ಮ್ಯಾಟ್ ಹಾಕಿ.

ಟರ್ನ್‌ಟೇಬಲ್ ಕೆಳಗೆ ಚಪ್ಪಡಿ ಬೇಕಾದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗ್ರಾನೈಟ್‌ಗೆ ಬರವಿಲ್ಲ, 20 ಮಿ.ಮೀ. ದಪ್ಪದ ತುಂಡು ಸಾಕು. ಬರೀ ಕಲ್ಲು ಬಡಿದರೆ ಗಂಟೆಯಂತೆ ದನಿ ಬರುತ್ತದೆ, ಹಾಗಾಗಿ ಕೆಳಗೆ ಮೆತ್ತನೆ ರಬ್ಬರ್ ಕೊಡಿ. ಸ್ಪೀಕರ್ ಅದೇ ಮೇಜಿನ ಮೇಲೆ ಬೇಡ.

ಗುಂಯ್ ಸದ್ದು ಬಂದರೆ ಮೊದಲು ಗ್ರೌಂಡ್ ವೈರ್ ಫೋನೋ ಪ್ರೀಆಂಪ್‌ಗೆ (ಸೂಜಿಯ ಸಣ್ಣ ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆಗೆ) ಬಿಗಿಯಾಗಿದೆಯೇ ನೋಡಿ.