ಮಡ್‌ಗಾರ್ಡ್‌ಗೆ ಪಾನಾ ಹಾಕುವ ಮುನ್ನ

ಹಳೆಯ ಜಾವಾ, ಯೆಜ್ಡಿ ಅಥವಾ ಬುಲೆಟ್ ಕೈಗೆ ಬಂದ ಕೂಡಲೇ ಹಲವರು ಮೊದಲು ಬಿಚ್ಚುವುದು ಮಡ್‌ಗಾರ್ಡನ್ನು. ಚಕ್ರ ಪೂರ್ತಿ ಕಂಡರೆ ಬೈಕಿಗೆ ಬೇರೆಯೇ ಚುರುಕು ಬರುತ್ತದೆ, ನಿಜ. ಆ ಆಸೆ ನನಗೂ ಇತ್ತು. ಸೋದರಮಾವನಿಂದ ಬಂದ, ಮೈಸೂರಿನ ಯಾದವಗಿರಿ ಕಾರ್ಖಾನೆಯ 1968ರ ಜಾವಾದ ಮುಂದಿನ ಮಡ್‌ಗಾರ್ಡನ್ನು ಒಂದು ಅಕ್ಟೋಬರ್‌ನಲ್ಲಿ ಬಿಚ್ಚಿಟ್ಟು ಕನಕಪುರ ರಸ್ತೆ ಹಿಡಿದೆ. ಬನಶಂಕರಿ ದಾಟುವಷ್ಟರಲ್ಲಿ ಮಳೆ. ಚಕ್ರ ಎತ್ತಿ ಎಸೆದ ಕೆಸರನ್ನು ನಾನೇ ಎದುರುಗೊಂಡು ಓಡುತ್ತಿದ್ದೆ. ಹೆಲ್ಮೆಟ್‌ನ ಗಾಜು ಒರೆಸಿದಷ್ಟೂ ಮರಳು ಅದನ್ನು ಗೀರಿತು. ತಲಘಟ್ಟಪುರದ ಹತ್ತಿರ ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ನೆನೆದು ಎಂಜಿನ್ ನಿಂತೇಹೋಯಿತು. ಮಾರನೆಯ ದಿನ ನೋಡಿದರೆ ಎಂಜಿನ್ ತಣಿಸುವ ಸಿಲಿಂಡರಿನ ರೆಕ್ಕೆಗಳ ನಡುವೆ ಕೆಮ್ಮಣ್ಣು ಇಟ್ಟಿಗೆಯಂತೆ ಬೆಂದು ಕೂತಿತ್ತು.

ಈ ರೂಢಿ ಹುಟ್ಟಿದ್ದು ಅಮೆರಿಕದಲ್ಲಿ. 1930–40ರ ದಶಕಗಳಲ್ಲಿ ಅಲ್ಲಿನ ಸವಾರರು ತೂಕ ಇಳಿಸಲು ಮುಂದಿನ ಮಡ್‌ಗಾರ್ಡ್ ತೆಗೆದು, ಹಿಂದಿನದನ್ನು ಕತ್ತರಿಸಿ ಮೊಟಕು ಮಾಡಿದರು. ಇಂಥ ಬೈಕಿಗೆ ‘ಬಾಬರ್’ (ಇಂಗ್ಲಿಷಿನ bob, ಅಂದರೆ ಮೊಟಕು ಮಾಡು) ಎಂಬ ಹೆಸರು ಬಂದದ್ದು ಆ ಮೋಟು ಬಾಲದಿಂದ. ಅವರೂ ಹಿಂದಿನದನ್ನು ಪೂರ್ತಿ ಕಿತ್ತು ಹಾಕಲಿಲ್ಲ ಎಂಬುದನ್ನು ಗಮನಿಸಿ. ಜೂನ್‌ನಿಂದ ನವೆಂಬರ್‌ವರೆಗೆ ಯಾವಾಗ ಬೇಕಾದರೂ ಮಳೆ ಸುರಿಯುವ ಬೆಂಗಳೂರಿಗೆ ನನ್ನ ಉತ್ತರ ಇಷ್ಟೇ: ಮುಂದಿನದನ್ನು ಮುಟ್ಟಬೇಡಿ. ಹಿಂದಿನದನ್ನು ಗಿಡ್ಡ ಮಾಡಲೇಬೇಕೆಂದಿದ್ದರೆ ಮೂಲ ತಗಡಿಗೆ ಗರಗಸ ಹಾಕಬೇಡಿ.

ಮೊದಲು ಆರ್‌.ಸಿ. ತೆಗೆದು ನೋಡಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ನಿಯಮ ಮೀರಿದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. ಹಿಂದೆ ಕೂರುವವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 123. ಸೀರೆ, ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡು ಆಗುವ ಅಪಘಾತ ಎಷ್ಟು ಘೋರವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಕೆಲಸಕ್ಕೆ ಮುನ್ನ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಬೈಕಿಗೆ 50 ವರ್ಷ ದಾಟಿದ್ದರೆ ಇನ್ನೊಂದು ಮಾತು. 2021ರಲ್ಲಿ ಬಂದ ನಿಯಮದಂತೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುವುದು ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ. ಅಂಥ ಬೈಕನ್ನು ಕತ್ತರಿಸುವ ಯೋಚನೆಯನ್ನೇ ಕೈಬಿಡಿ.

ಬಿಚ್ಚುವ ಕೆಲಸ

ಎಲ್ಲ ಕೋನಗಳಿಂದಲೂ ಫೋಟೊ ತೆಗೆದುಕೊಳ್ಳಿ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬಲ ಹಾಕಿದರೆ ಬೋಲ್ಟ್ ಮುರಿದು ಒಳಗೇ ಉಳಿಯುತ್ತದೆ. ಹಿಂದಿನ ದೀಪದ ತಂತಿಗಳಿಗೆ ಒಂದೊಂದು ಚೀಟಿ ಕಟ್ಟಿ. ಹೊಸ ಮಾದರಿಯ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಮಡ್‌ಗಾರ್ಡ್‌ಗೆ ಕೂತಿದ್ದರೆ ಎಚ್ಚರ: ಅದರ ಸ್ನ್ಯಾಪ್ ಲಾಕ್ ಒಮ್ಮೆ ಬಿಚ್ಚಿದರೆ ಮತ್ತೆ ಕೂರುವುದಿಲ್ಲ.

ಮುಂದಿನದನ್ನು ಮುಟ್ಟಬೇಡಿ ಎನ್ನುವುದಕ್ಕೆ ಕೆಸರೊಂದೇ ಕಾರಣವಲ್ಲ. ಹಲವು ಹಳೆಯ ಬೈಕುಗಳಲ್ಲಿ ಮಡ್‌ಗಾರ್ಡಿನ ಪಟ್ಟಿ, ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು ಕಾಲುಗಳನ್ನು ಸೇತುವೆಯಂತೆ ಹಿಡಿದಿಟ್ಟಿರುತ್ತದೆ. ಅದು ಹೋದರೆ ಗುಂಡಿಗೆ ಇಳಿದಾಗ, ಜೋರಾಗಿ ಬ್ರೇಕ್ ಹಾಕಿದಾಗ ಕಾಲುಗಳು ಒಂದೊಂದು ದಿಕ್ಕಿಗೆ ತಿರುಚುತ್ತವೆ. ಫೋರ್ಕಿನ ಮೇಲ್ಹೊದಿಕೆಯನ್ನೂ ತೆಗೆದಿದ್ದರೆ ಮರಳು ಕೊಳವೆಗೆ ಅಂಟಿ, ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಸವೆಸುತ್ತದೆ.

ದಾರ ಹಿಡಿದು ಅಳೆಯಿರಿ

ಹಿಂದಿನದಕ್ಕೆ ನಕಲು ಮಡ್‌ಗಾರ್ಡ್ ತನ್ನಿ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಸಾಲಿನಲ್ಲಿ ಹುಡುಕಿ. ತಗಡನ್ನು ಬೆರಳಿನಿಂದ ಒತ್ತಿ ನೋಡಿ, ಬಾಗುವಂಥದ್ದು ಬೇಡ.

ಎಲ್ಲಿ ಕತ್ತರಿಸಬೇಕು? ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಟೈರಿನ ಹಿಂಬದಿ ಮೇಲಕ್ಕೆ ಏರುತ್ತದೆ, ನೆತ್ತಿ ಮುಂದಕ್ಕೆ ಓಡುತ್ತದೆ. ಆಕ್ಸಲ್ (ಚಕ್ರದ ನಡುವಿನ ಅಚ್ಚು) ಮಟ್ಟದಲ್ಲಿ ಟೈರಿನ ಹಿಂಬದಿ ಬಿಟ್ಟ ಹನಿ ನೆಟ್ಟಗೆ ಮೇಲಕ್ಕೆ ಹಾರುತ್ತದೆ, ಅದಕ್ಕಿಂತ ಮೇಲೆ ಬಿಟ್ಟದ್ದು ಮುಂದಕ್ಕೆ ಬಾಗಿ ಸವಾರರ ಬೆನ್ನಿಗೆ ಬರುತ್ತದೆ. ಮೊದಲು ರಟ್ಟಿನಿಂದ ಮಡ್‌ಗಾರ್ಡಿನ ಆಕಾರ ಕತ್ತರಿಸಿ ಚಕ್ರದ ಮೇಲೆ ಕಟ್ಟಿ. ಅದರ ಕೊನೆ ಮುಟ್ಟುವ ಜಾಗದಲ್ಲಿ ಟೈರಿಗೆ ತಾಗಿಸಿ ಒಂದು ದಾರವನ್ನು, ಆ ಜಾಗದಲ್ಲಿ ಟೈರು ಓಡುವ ದಿಕ್ಕಿನಲ್ಲೇ ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಸೀಟಿಗೋ ಹಿಂದೆ ಕೂತವರ ಬೆನ್ನಿಗೋ ತಗುಲಿದರೆ ರಟ್ಟು ಗಿಡ್ಡವಾಯಿತು. ಅವರ ತಲೆಯ ಹಿಂದಿನಿಂದ ಹಾದುಹೋಗುವವರೆಗೆ ಕೊನೆಯನ್ನು ಕೆಳಗಿಳಿಸಿ, ಆಮೇಲೆ ತಗಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಗಿಂತ ಒಂದು ಅಂಗುಲ ಹೆಚ್ಚು ಬಿಟ್ಟೇ ಕತ್ತರಿಸಿ.

ಕೂರಿಸುವಾಗ ಹಿಂದಿನ ಶಾಕ್‌ಗಳನ್ನು (ಶಾಕ್ ಅಬ್ಸಾರ್ಬರ್) ಬಿಚ್ಚಿ, ಚಕ್ರವನ್ನು ಶಾಕ್ ಪೂರ್ತಿ ಕುಗ್ಗಿದಾಗ ಬರುವ ಎತ್ತರಕ್ಕೆ ಎತ್ತಿ ನೋಡಿ. ಆಗಲೂ ಟೈರು ತಗಡಿಗಾಗಲಿ ತಂತಿಗಾಗಲಿ ತಾಗಬಾರದು. ಬೋಲ್ಟಿನ ತಲೆ ಚಕ್ರದ ಕಡೆ, ನಟ್ಟು ಹೊರಗೆ. ತಿರುಗುಮುರುಗಾಗಿ ಹಾಕಿದರೆ ಹೊರಚಾಚಿದ ತುದಿ ಒಂದು ದಿನ ಟೈರನ್ನು ಸೀಳುತ್ತದೆ. ನೈಲಾನ್ ಬಳೆಯಿರುವ ಲಾಕ್ ನಟ್ಟನ್ನೇ ಬಳಸಿ. ಸಡಿಲವಾಗಿ ಕಳಚಿದ ಮಡ್‌ಗಾರ್ಡ್ ಚಕ್ರಕ್ಕೆ ಸಿಕ್ಕಿಬಿದ್ದರೆ ಬೈಕು ಅಲ್ಲೇ ಬೀಳುತ್ತದೆ.

ದೀಪ ಉರಿಯದಿದ್ದರೆ ಬಲ್ಬನ್ನು ಶಂಕಿಸಬೇಡಿ. ಹಳೆಯ ಬೈಕುಗಳಲ್ಲಿ ಹಿಂದೀಪದ ಅರ್ತ್, ಅಂದರೆ ವಿದ್ಯುತ್ ಮರಳುವ ದಾರಿ, ಸಾಮಾನ್ಯವಾಗಿ ಮಡ್‌ಗಾರ್ಡಿನ ತಗಡಿನ ಮೂಲಕವೇ ಹೋಗುತ್ತದೆ. ಹೊಸ ಬಣ್ಣ, ರಬ್ಬರ್ ವಾಷರ್ ಅದನ್ನು ತಡೆಯುತ್ತವೆ. ದೀಪದಿಂದ ಚಾಸಿಗೆ (ಬೈಕಿನ ಲೋಹದ ಚೌಕಟ್ಟು) ಪ್ರತ್ಯೇಕ ತಂತಿ ಎಳೆಯಿರಿ.

ಮಳೆ ನಿಂತ ಒಂದು ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಐದು ಕಿಲೋಮೀಟರ್ ಓಡಿಸಿ ಬನ್ನಿ. ಬೆನ್ನಿನ ಮೇಲೆ ಕೆಸರಿನ ಗೆರೆ ಮೂಡಿದ್ದರೆ ಇನ್ನೊಂದು ನಕಲು ತರಬೇಕಾಗುತ್ತದೆ. ಮೂಲ ಮಡ್‌ಗಾರ್ಡಿಗೆ ಒಳಗೂ ಹೊರಗೂ ಎಣ್ಣೆ ಸವರಿ, ಹಳೆಯ ಪಂಚೆಯಲ್ಲಿ ಸುತ್ತಿ, ಅದರ ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಜೊತೆಗೇ ಕಟ್ಟಿ ಅಟ್ಟದ ಮೇಲಿಡಿ.